ಹೆಂಡತಿಯ ಕಿಡ್ನಿಯಿಂದ ಗಂಡನ ಕಿಡ್ನಿಗೆ

ಇಂದ:
ಬಟನ್ ಡಾಕ್ಟರ್ ಎಂದು ಲೋಕಪ್ರಸಿದ್ಧನಾದ ದರ್ಜಿ,
ಇಸ್ತ್ರಿ ಅಂಗಡಿಯ ಪಕ್ಕ.

ಗೆ:
ಮಹಾರಾಜಶ್ರೀ ಕ್ರಿಮಿಯವರು,
ಅರ್ಜಿದಾರನ ಪತ್ನಿಯ ಬಲ ಕಿಡ್ನಿ,
ಕಿಟಕಿ ಪಕ್ಕದ ಮಂಚ, ಹೆಂಗಸರ ವಾರ್ಡು.

ವಿಷಯ: ತಮ್ಮ ವರ್ಗಾವಣೆ ಕೋರಿ.

ಉಲ್ಲೇಖ: ಇಂದು ಬೆಳಿಗ್ಗೆ ಡಾಕ್ಟರಮ್ಮ ವರಾಂಡದಲ್ಲಿ ಎಲ್ಲರೆದುರು ಅರ್ಜಿದಾರನನ್ನು ಬೈದದ್ದು.

ಮಾನ್ಯರೇ,

1. ಅರ್ಜಿದಾರನು ಸಾಮಾನ್ಯನಲ್ಲ. ಅವನ ಕತ್ತರಿ ಸದ್ದು ಕೇಳಿದರೆ ಬಟ್ಟೆ ಹೆದರಿ ತಾನಾಗಿ ಅಂಗಿಯಾಗುತ್ತದೆ. ಉಳಿದ ಚೂರು ಬಟ್ಟೆಯನ್ನು ಎಂದೂ ಎಸೆದವನಲ್ಲ. ಆದ್ದರಿಂದ ಉಳಿದ ಮಾತ್ರೆಯನ್ನೂ ಎಸೆಯಲಿಲ್ಲ. ಬೀದಿಯಲ್ಲಿ ಯಾರಿಗೇ ಜ್ವರ ಇಳಿಯಲಿ, ಮಿಕ್ಕ ಆ್ಯಂಟಿಬಯೋಟಿಕ್ ಇವನ ಗುಂಡಿ ಡಬ್ಬಿಗೆ ಬೀಳುತ್ತಿತ್ತು.

2. ಕಾರಣ, ಇಡೀ ಬೀದಿಗೆ ಇವನೇ ಆಸ್ಪತ್ರೆ. ನೆಗಡಿಗೆ ಒಂದು, ಕೆಮ್ಮಿಗೆ ಎರಡು, ಅಳಿಯನ ಹಲ್ಲುನೋವಿಗೆ ಕೆಂಪು ಕ್ಯಾಪ್ಸೂಲಿನ ಅರ್ಧ ಪಟ್ಟಿ, ಕಚಕ್ಕೆಂದು ಕತ್ತರಿಸಿ ಕೊಡುತ್ತಿದ್ದ. ಪತ್ನಿಗೆ ಉರಿಮೂತ್ರ ಬಂದಾಗಲೆಲ್ಲ ಎರಡೆರಡು. ಉರಿ ಇಳಿದೊಡನೆ, "ಸಾಕು ಕಣೆ, ಮಿಕ್ಕಿದ್ದು ಇನ್ನೊಬ್ರಿಗಾಗತ್ತೆ" ಎಂದು ಡಬ್ಬಿ ಮುಚ್ಚುತ್ತಿದ್ದ.

3. ಸದರಿ ಎರಡೆರಡು ಮಾತ್ರೆಗೆ ಸಾಯದೆ ಉಳಿದ ತಮ್ಮವರೇ ಬೆಳೆದು ಪೈಲ್ವಾನರಾದರೆಂದು ಡಾಕ್ಟರಮ್ಮನ ಅಂಬೋಣ. "ಇರೋ ಔಷಧಿಯೆಲ್ಲ ಟೆಸ್ಟ್ ಮಾಡಿಸಿದ್ವಿ, ಒಂದು ಬಿಟ್ರೆ ಯಾವುದಕ್ಕೂ ಜಗ್ತಿಲ್ಲ. ನೆಗಡಿಗೆ ಈ ಮಾತ್ರೆ ಕೆಲಸಾನೇ ಮಾಡಲ್ಲ ಕಣ್ರೀ, ಯಾವ ಕಾಲೇಜಲ್ಲಿ ಓದಿದ್ರಿ ನೀವು?" ಎಂದರು. ಉಳಿದಿರುವುದು ಒಂದೇ ಮದ್ದು. ಬಾಟಲಿಯಿಂದ ಹನಿಹನಿಯಾಗಿ ಏರುತ್ತಿದೆ. ಅದಕ್ಕೂ ತಾವು ಜಗ್ಗದಿದ್ದರೆ ಏನು ಗತಿ ಎಂದು ಅರ್ಜಿದಾರನು ಕೇಳಲಾಗಿ, ಡಾಕ್ಟರಮ್ಮ ಬೈಯುವುದನ್ನೇ ನಿಲ್ಲಿಸಿಬಿಟ್ಟರು.

4. ಪತ್ನಿಯು ಜ್ವರದಲ್ಲೂ ನಕ್ಕು, "ಅಲ್ರೀ, ಕಂಡೋರ ಬ್ಲೌಸಿಗೆ ಮತ್ತೆ ಮತ್ತೆ ಅಳತೆ ತಗೋತೀರ. ನನಗೆ ಮಾತ್ರ ಅಳತೇನೇ ಇಲ್ದೆ ಕತ್ತರಿ ಹಾಕಿದ್ರಲ್ಲ?" ಎಂದಳು. ಬೀದಿಗೆಲ್ಲ ಬುದ್ಧಿ ಹೇಳುವ ಅರ್ಜಿದಾರನು ಹೊದಿಕೆಯ ಅಂಚು ಬಿಚ್ಚಿದೆಯೇ ಎಂದು ನೋಡತೊಡಗಿದನು.

ಆದ್ದರಿಂದ, ತಮ್ಮನ್ನು ಸಾಕಿ, ಕುಸ್ತಿ ಕಲಿಸಿದ ಗುರುವೆಂಬ ಹಕ್ಕಿನಿಂದ ಕೋರುವುದೇನೆಂದರೆ, ತಾವು ಕೂಡಲೇ ಅರ್ಜಿದಾರನ ಕಿಡ್ನಿಗೆ ವರ್ಗವಾಗತಕ್ಕದ್ದು. ಎರಡೂ ಖಾಲಿ ಇವೆ. ಅರಮನೆಯಷ್ಟು ವಿಶಾಲ, ಬೇಕಾದ್ದು ಆರಿಸಿಕೊಳ್ಳಬಹುದು. ನಿಯಮಗಳು ಅಡ್ಡಬಂದಲ್ಲಿ, ಗುರುವಿನ ಮುಖ ನೋಡಿಯಾದರೂ ಈ ಒಂದು ಬಾಟಲಿಗೆ ತಾವು ಸೋತುಕೊಡಬೇಕು.

ಇಲ್ಲಿಯವರೆಗೆ ತಮ್ಮ ವಿಶ್ವಾಸಿ,
ದರ್ಜಿ

ಅಡಕಗಳು:
ಅ) ಡಬ್ಬಿ. ಈಗ ಅದರಲ್ಲಿ ಗುಂಡಿಗಳು ಮಾತ್ರ ಇವೆ.
ಆ) ಕತ್ತರಿ. ಲಗತ್ತಿಸಲಾಗಿಲ್ಲ, ಪತ್ನಿಯ ದಿಂಬಿನಡಿ ಇದೆ. ಮದ್ದಿನ ಕೋರ್ಸು ಪೂರ್ತಿ ಮುಗಿದ ಮೇಲೆ ತಾನೇ ಕೊಡುವುದಾಗಿ ಹೇಳಿದ್ದಾಳೆ. ಅಲ್ಲಿಯವರೆಗೆ ಅಂಗಡಿ ಮುಚ್ಚಿರುತ್ತದೆ. ಸದರಿ ಕತ್ತರಿಯನ್ನು ಅವಳ ಕೈಯಿಂದಲೇ ಪಡೆಯಲು ಅನುವು ಮಾಡಿಕೊಡಬೇಕಾಗಿ ವಿನಂತಿ.