ಪುಂಡರೀಕಾಕ್ಷರ ಒಳ್ಳೆಯ ಕೊಲೆಸ್ಟರಾಲು

ಡೊಂಬಿವಲಿಯ ಸಸ್ಯಾಹಾರಿ ಹೋಟೆಲೊಂದರ ಮ್ಯಾನೇಜರ್ ಪುಂಡರೀಕಾಕ್ಷರು ವಾರದ ರಜೆಯ ಬೆಳಿಗ್ಗೆ ತಮ್ಮ ರಕ್ತಪರೀಕ್ಷೆಯ ರಿಪೋರ್ಟನ್ನು ಡಾಕ್ಟರಿಗೆ ವಾಟ್ಸ್ಯಾಪ್ ಮಾಡಲು ಹೋಗಿ ಕಟ್ಟಡದ ಗ್ರೂಪಿಗೆ ಕಳುಹಿಸಿಬಿಟ್ಟರು. ಒಳ್ಳೆಯ ಕೊಲೆಸ್ಟರಾಲು ಹದಿನಾಲ್ಕು ಎಂಬಲ್ಲಿ ಕೆಂಪು ಗುರುತಿತ್ತು. ಅಳಿಸುವಷ್ಟರಲ್ಲಿ ಮೂವತ್ತಾರು ಮಂದಿ ನೋಡಿಯಾಗಿತ್ತು.

ಮೊದಲು ಓಡಿಬಂದವರು ಎದುರುಮನೆಯ ಸುಗುಣಕ್ಕ. "ಎಂಥ ಪುಂಡರೀಕಣ್ಣ, ನಲವತ್ತಾದ್ರೂ ಇರ್ಬೇಕಂತಲ್ಲ! ಕೂತ್ಕೊಳ್ಳಿ, ನಿಲ್ಲಲೇಬೇಡಿ!"

ಕೂತರು. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ವಿಠಲ ಬಂದ. "ಅರೇ, ಕೂತಿದ್ದೀರಾ? ಏಳಿ ಮಾರಾಯ್ರೆ, ನಡೆದ್ರೇ ಅದು ಏರುವುದು!" ಎಂದು ನಾಲ್ಕು ಮಹಡಿ ಹತ್ತಿಸಿದ. ಇಳಿದು ಬಂದರೆ ಸುಗುಣಕ್ಕ ಸೋರೆಕಾಯಿ ರಸ ಹಿಡಿದು ನಿಂತಿದ್ದರು. ಅದರ ಮೇಲೆ ವಿಠಲನ ಹಸಿ ಬೆಳ್ಳುಳ್ಳಿ. ಮಧ್ಯಾಹ್ನಕ್ಕೆ ಪುಂಡರೀಕಾಕ್ಷರ ಹೊಟ್ಟೆ ಹೋಟೆಲಿನ ಗ್ರೈಂಡರಿನಂತೆ ಗುಡುಗುಡಿಸಿ, ಮೈಯೆಲ್ಲ ಬೆವರಿತು.

"ಬೆವರ್ತಿದ್ದಾರೆ! ಹಾರ್ಟೇ!" ಎಂದು ಸುಗುಣಕ್ಕ ಕೂಗಿದ್ದೇ ತಡ, ಹೆಂಡತಿ ಊರ್ಮಿಳಾ ಅಳುತ್ತ ಫೋನು ಹಿಡಿದರು. ವಿಠಲ ರೋಗಿಯನ್ನು ರಿಕ್ಷಾಕ್ಕೆ ತುಂಬಿದ.

ಡಾಕ್ಟರ್ ಅಕ್ಷಯಾ ಮಾತ್ರ ನಗುತ್ತಿದ್ದಳು. ಹಿಂದಿನ ಸಲವೂ ಕಮ್ಮಿ ಬಂದಿತ್ತೆಂದು ಎರಡು ವಾರದ ಹಿಂದೆ ಅವಳೇ ಮಾಡಿಸಿದ್ದ ಸ್ಕ್ಯಾನೂ ಪ್ರೋಟೀನ್ ಪರೀಕ್ಷೆಯೂ ಅವಳ ಮೇಜಿನ ಮೇಲಿದ್ದವು.

"ಅಂಕಲ್, ಇದು ಬರೀ ಗ್ಯಾಸ್. ನಿಮ್ಮ ರಕ್ತನಾಳ ಏಕ್‌ದಮ್ ಕ್ಲೀನ್."

"ಮತ್ತೆ ಆ ಹದಿನಾಲ್ಕು?"

"ಕೊಲೆಸ್ಟರಾಲು ರಕ್ತದಲ್ಲಿ ಕರಗೋದಿಲ್ಲ. ಅದನ್ನು ಹೊತ್ತು ಲಿವರಿಗೆ ಮುಟ್ಟಿಸೋ ಕಣಗಳಿಗೆ ಪ್ರೋಟೀನೇ ಸೊಂಟಪಟ್ಟಿ. ನಿಮ್ಮ ಪ್ರೋಟೀನಿನ ಸರಪಳಿಯಲ್ಲಿ ಒಂದು ಕೊಂಡಿ ಬೇರೆ, ಅದಕ್ಕೆ ಆಕಾರವೂ ಬೇರೆ. ಕಣಗಳು ಕಮ್ಮಿ, ಕೆಲಸ ಮಾತ್ರ ಜೋರು. ಲೋಕಲ್ ಟ್ರೈನು ಕಮ್ಮಿ, ಆದ್ರೆ ಪ್ಲಾಟ್‌ಫಾರ್ಮಲ್ಲಿ ಒಬ್ಬರೂ ಉಳಿಯೋದಿಲ್ಲ ಅಂದ್ಕೊಳ್ಳಿ! ಇಂಥ ಪ್ರೋಟೀನನ್ನೇ ಹೃದಯಕ್ಕೆ ಔಷಧಿ ಮಾಡೋಕೆ ಪ್ರಯತ್ನ ಪಡ್ತಿದ್ದಾರೆ."

ಪುಂಡರೀಕಾಕ್ಷರಿಗೆ ಎದೆಯ ಮೇಲಿನ ಅಕ್ಕಿಮೂಟೆ ಇಳಿದಂತಾಯಿತು.

"ಇದು ವಂಶದಲ್ಲಿ ಬರೋದು. ನಿಮ್ಮ ತಂದೆ ಕಡೆಯವರ ರಕ್ತ ಸಿಕ್ಕಿದ್ರೆ ದೊಡ್ಡ ಉಪಕಾರ ಅಂಕಲ್."

"ನಮ್ಮವರಾ? ಗೃಹಪ್ರವೇಶಕ್ಕೇ ಒಬ್ಬರೂ ತಲೆ ಹಾಕ್ಲಿಲ್ಲ!"

ಹಗುರಾಗಿ ಮನೆಗೆ ಬಂದರೆ ಬಾಗಿಲಿನಿಂದ ಮೆಟ್ಟಿಲವರೆಗೆ ಚಪ್ಪಲಿಗಳು. ಕಳವಾ ಊರಿನ ದೊಡ್ಡಪ್ಪ, ವಿಠ್ಠಲವಾಡಿಯ ಸೋದರತ್ತೆ, ಕೋಪರಖೈರಣೆಯ ಅಣ್ಣಂದಿರು, ಅವರವರ ಮಕ್ಕಳು, ಒಟ್ಟು ಹದಿನೇಳು ಮಂದಿ! ಊರ್ಮಿಳಾ ಅಳುತ್ತ ಮಾಡಿದ ಫೋನಿಗೆ, ಕೊನೆಯ ಸಲ ಮುಖ ನೋಡಿಹೋಗಲು ಬಂದಿದ್ದರು.

"ಎಂಥದೂ ಆಗ್ಲಿಲ್ವಾ ನಿಂಗೆ?" ದೊಡ್ಡಪ್ಪ ಮುನಿಸಿಕೊಂಡರು. "ನಾನು ಕಳವಾ ಸ್ಟೇಷನ್ನಿಂದ ಟ್ರೈನಲ್ಲಿ ನಿಂತೇ ಬಂದದ್ದು!"

ಪುಂಡರೀಕಾಕ್ಷರು ಉತ್ಸಾಹದಲ್ಲಿ ಡಾಕ್ಟರಿಗೆ ಫೋನು ಮಾಡಿದರು.

"ಬಾಪ್‌ರೇ, ಎಲ್ಲರೂ ಅಲ್ಲೇ ಇದ್ದಾರಾ? ಒಬ್ಬರನ್ನೂ ಬಿಡ್ಬೇಡಿ ಅಂಕಲ್! ರಕ್ತ ಖಾಲಿ ಹೊಟ್ಟೆಯಲ್ಲೇ ತೆಗೀಬೇಕು, ನಾಳೆ ಬೆಳಿಗ್ಗೆ ನಾನೇ ಬರ್ತೀನಿ."

ಒಂದೇ ಬೆಡ್‌ರೂಮಿನ ಮನೆ. ದೊಡ್ಡಪ್ಪನಿಗೆ ಮಂಚ, ಅತ್ತೆಗೆ ಸೋಫಾ, ಉಳಿದವರಿಗೆ ಚಾಪೆ ಎಂದು ಹಂಚಿಯಾದ ಮೇಲೆ ಊರ್ಮಿಳಾ ಗಂಡನ ಕೈಗೆ ಒಂದು ದಿಂಬು ಕೊಟ್ಟರು.

"ನಿಮ್ಮ ಹಾರ್ಟ್ ಗಟ್ಟಿ ಉಂಟಲ್ಲ, ಇವತ್ತು ಮೆಟ್ಟಿಲ ಹತ್ರ ಮಲಗಿ."