ಮೈದುನನ ಬಿ.ಪಿ. ಮಷಿನ್ನಿಗೆ ನನ್ನ ಸಿಟ್ಟೇ ಬೇಕು

ನನ್ನ ಮೈದುನನಷ್ಟು ಮರ್ಯಾದಸ್ಥ ಸುರಪುರ ತಾಲೂಕಿನಲ್ಲೇ ಇನ್ನೊಬ್ಬನಿಲ್ಲ. ದಿನಾ ಮುಂಜಾನೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, "ಶರಣ್ರಿ ವೈನಿ" ಎಂದು ಕೈಮುಗಿದು, ಆಮೇಲೆ ನನ್ನ ತವರುಮನೆಯನ್ನು ಬೈಯುತ್ತಾನೆ! ಯಾಕೆ? ನನ್ನ ಬಿ.ಪಿ. ನೋಡಲಿಕ್ಕೆ!

ಇದಕ್ಕೆಲ್ಲ ಮೂಲ ನನ್ನ ತಲೆಸುತ್ತು. ಎಮ್ಮೆ ಹಿಂಡಿ ಎದ್ದು ನಿಂತರೆ ಕಣ್ಣಿಗೆ ಕತ್ತಲು. ಒಂದು ದಿನ ಹಾಲಿನ ಚರಿಗೆ ಸಮೇತ ಕೊಟ್ಟಿಗೆಯಲ್ಲೇ ಬಿದ್ದೆ. ಮೈದುನ ಸುರಪುರದ ಡಾಕ್ಟರ ಹತ್ತಿರ ಕರೆದೊಯ್ದ.

"ನಿಂತಾಗ ಬಿ.ಪಿ. ಇಳೀತಿರಬೇಕು. ನೀವು ತಗೊಳ್ಳೋ ಬಿ.ಪಿ. ಗುಳಿಗಿ ಜಾಸ್ತಿ ಆಗಿರಬಹುದು," ಎಂದರು ಡಾಕ್ಟರು. "ಒಂದು ಸಲ ನೋಡಿ ಬದಲಿ ಮಾಡಂಗಿಲ್ಲ. ಮನ್ಯಾಗ ಮಲಗಿಸಿ ಒಮ್ಮಿ, ನಿಲ್ಲಿಸಿ ಒಮ್ಮಿ, ನಾಕು ದಿನ ನೋಡಿ ಬರ್ರಿ. ಅಲ್ಲೀತನಕ ಎಮ್ಮಿ ಹಿಂಡಬ್ಯಾಡ್ರಿ."

ಎಮ್ಮೆ ಬಿಟ್ಟರೆ ನನಗೇನಿದೆ? ಹಾಲು ಮಾರಿ ಉಣ್ಣುವವಳು ನಾನು. ಯಾರ ಒಲೆಯ ಮುಂದೂ ತಾಟು ಹಿಡಿದು ಕೂತವಳಲ್ಲ.

ಮೈದುನನೋ, ನಾರಾಯಣಪುರದ ಕಾಲುವೆಯಲ್ಲಿ ನೀರಿನ ಮಟ್ಟ ನೋಡಿ ನೋಡಿ ರಿಟೈರ್ ಆದವನು. ಒಂದು ಸಲ ನೋಡಿದ್ದನ್ನು ಜನ್ಮದಲ್ಲಿ ನಂಬಿದವನಲ್ಲ. ನಿನ್ನೆ ನಿಂತ ಮೆಟ್ಟಿಲ ಮೇಲೇ ಇವತ್ತೂ ನಿಲ್ಲಬೇಕು, ಗಾಳಿಯೂ ನಿನ್ನೆಯಂತೇ ಬೀಸಬೇಕು. ಅವತ್ತೇ ಬಿ.ಪಿ. ಮಷಿನ್ ಕೊಂಡು ತಂದ. ಈಗ ಕಾಲುವೆ ಹೋಗಿ ನಾನು ಬಂದೆ! ಮಲಗಲಿಕ್ಕೆ ಅದೇ ಹೊರಸು, ಪಟ್ಟಿ ಸುತ್ತಲಿಕ್ಕೆ ಅದೇ ತೋಳು, ಅದೇ ಸೀರೆ. ಸೀರೆ ಒಗೆಯಲಿಕ್ಕೂ ಬಿಡಲಿಲ್ಲ, ಮೂಳ!

ಮೊದಲ ದಿನ ನನ್ನ ಹಣೆಬರಹ ಬೈಯುತ್ತ ಮಲಗಿದ್ದೆ. ಮರುದಿನ ರೊಟ್ಟಿ ತಿಂದು ತಣ್ಣಗಿದ್ದೆ. ಅಂಕಿ ಬೇರೆ ಬಂತು.

"ವೈನಿ, ನಿನ್ನಿ ನೀವು ಸಿಟ್ಟಿನ್ಯಾಗ ಇದ್ರಿ. ಇವತ್ತೂ ಸಿಟ್ಟಾಗ್ಬೇಕು. ಇಲ್ಲಂದ್ರ ತಾಳೆ ಆಗಂಗಿಲ್ಲ."

"ಸಿಟ್ಟು ಏನ್ ನಳದ ನೀರೇನೋ, ತಿರುವಿದ ಕೂಡ್ಲೆ ಬರಾಕ?"

"ನಾ ಬರಸ್ತೀನಿ," ಎಂದು ಗಂಟಲು ಸರಿಮಾಡಿಕೊಂಡ. "ನಿಮ್ಮ ಹುಣಸಗಿ ಮಂದಿ ಜಿಪುಣರು ಬಿಡ್ರಿ. ನಿಮ್ಮ ಮದುವ್ಯಾಗ ಹೋಳಿಗಿ ಒಳಗ ಹೂರಣನೇ ಇದ್ದಿದ್ದಿಲ್ಲ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ!"

"ಮಾತಾಡಬ್ಯಾಡ್ರಿ ವೈನಿ, ಮಷಿನ್ ನಡದದ. ಬರೇ ಸಿಟ್ಟಾಗ್ರಿ!"

ಬಾಯಿ ಮುಚ್ಚಿಕೊಂಡು ಸಿಟ್ಟಾಗುವುದು ಹೇಗೆ? ನೀವೇ ಮಾಡಿ ನೋಡಿ!

ಹಾಲು ಹಿಂಡುವುದನ್ನೂ ಅವನೇ ವಹಿಸಿಕೊಂಡ. ಎಮ್ಮೆ ಒದೆಯಿತು. ಹೆಂಗಸಿನ ಕೈಗೆ ಒಗ್ಗಿದ ಎಮ್ಮೆಗೆ ನಮ್ಮ ಕಡೆ ಗಂಡಸರು ಮಾಡುವಂತೆ, ನನ್ನ ಸೀರೆ ಹೊದ್ದು ಕೂತ. ಮತ್ತೂ ಒದೆಯಿತು.

"ಎಲ್ಲಾ ನಿಮ್ಮಂಗೇ ಮಾಡೀನಲ್ಲ ವೈನಿ, ಮತ್ಯಾಕ?"

"ಅದರ ತವರುಮನಿ ಬೈದಿದ್ದಿ ಏನ್ ನೋಡ್!"

ನಾಲ್ಕು ದಿನ ಎಂದೋ ಕಳೆದವು. ನಿಂತಾಗ ಅಂಕಿ ಇಳಿಯುವುದು ದಿನಾ ಕಾಣುತ್ತಿತ್ತು. ಆದರೆ ಒಂದು ದಿನ ಇಷ್ಟು, ಒಂದು ದಿನ ಅಷ್ಟು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಇನ್ನೊಂದು ದಿನ ತಡೀರಿ, ತಾಳೆ ಆಗವಲ್ದು," ಎನ್ನುವವನು. ಎಮ್ಮೆಯ ಕೆಚ್ಚಲು ಬತ್ತುತ್ತ ಬಂತು. ನನಗೆ ಮೈಯೆಲ್ಲ ಉರಿ!

ಒಂದು ಮುಂಜಾನೆ ಅವನು ಎಷ್ಟು ಬೈದರೂ ನನಗೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಎದ್ದು ನಿಂತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮಷಿನ್ ಪಕ್ಕದಲ್ಲಿ ಕೂಗುತ್ತಿತ್ತು, ಅವನು ಅತ್ತ ನೋಡಲೇ ಇಲ್ಲ. ನನ್ನ ಅಂಗಾಲು ತಿಕ್ಕುತ್ತಿದ್ದ.

"ಬೈರಿ ವೈನಿ. ಒಂದು ಮಾತು ಬೈರಿ. ನಿಮ್ಮ ಕಾಲ್ ಬೀಳ್ತೀನಿ, ಬೈರಿ."

ತಾಳೆ ಮರೆತು ಅವತ್ತೇ ನನ್ನನ್ನು ಸುರಪುರಕ್ಕೆ ಕರೆದೊಯ್ದ.

ಡಾಕ್ಟರು ಗುಳಿಗೆ ಅರ್ಧ ಮಾಡಿದರು. "ತಲಿ ತಿರುಗೋದು ನಿಂತ ಮ್ಯಾಲ ನಿಮ್ಮ ಎಮ್ಮಿ ನೀವೇ ಹಿಂಡ್ರಿ," ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ನಾಕು ದಿನ ಅಂದಿದ್ದೆ. ಇಷ್ಟು ದಿನ ಯಾಕ ಬರಲಿಲ್ಲ?"

ಮೈದುನ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವನು ಬಾಯಿ ತೆರೆಯುವುದರೊಳಗೆ ನಾನೇ ಹೇಳಿದೆ:

"ಅವ ದಿನಾ ಕರದಾನ್ರಿ. ನಾನೇ ಬರಲಿಲ್ಲ."