ಓಣಿಗೆಲ್ಲ ವಿಳಾಸ ಹಂಚಿದ ನನ್ನ ರೂಟರ್

ನೆಟ್‌ವರ್ಕಿಂಗ್ ಪರೀಕ್ಷೆಯನ್ನು ಮೂರು ತಿಂಗಳೊಳಗೆ ಪಾಸು ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟಾಗ ಆ ಪರೀಕ್ಷೆ ಎಷ್ಟು ಕಠಿಣ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಾತು ಕೊಡುತ್ತಿದ್ದೆ. ಆವತ್ತು ನನಗೆ ಅಷ್ಟು ಸಿಟ್ಟು ಬಂದಿತ್ತು.

ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯ ಒಂದು ನೂಲಿನ ಗಿರಣಿಯಲ್ಲಿ ಹದಿನೇಳು ವರ್ಷಗಳಿಂದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳು ನಾನು. ಯಾವ ವೈರು ಯಾವ ಗೋಡೆಯೊಳಗೆ ಹೊಕ್ಕು ಎಲ್ಲಿ ಹೊರಬರುತ್ತದೆ, ಯಾವ ಪೆಟ್ಟಿಗೆಯಲ್ಲಿ ಹತ್ತಿಯ ಧೂಳು ತುಂಬಿದರೆ ಯಾರ ಕಂಪ್ಯೂಟರ್ ನಿಂತುಹೋಗುತ್ತದೆ, ಎಲ್ಲವನ್ನೂ ಕಣ್ಣುಮುಚ್ಚಿ ಹೇಳಬಲ್ಲೆ. ಪುಣೆಯಿಂದ ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಇದನ್ನೆಲ್ಲ ಶಾಂತವಾಗಿ ಕೇಳಿ, "ತೇ ಠೀಕ್ ಆಹೆ ಮ್ಯಾಡಮ್. ಪಣ ಸರ್ಟಿಫಿಕೇಟ್ ಕುಠೆ ಆಹೆ?" ಎಂದರು. ಅದೆಲ್ಲ ಸರಿ, ಸರ್ಟಿಫಿಕೇಟ್ ಎಲ್ಲಿ ಅಂತೆ. ಎಲ್ಲಿಂದ ತರಲಿ? ಇಲ್ಲದಿದ್ದರೆ ಅದು ಇರುವವರೊಬ್ಬರನ್ನು ನೇಮಿಸಿ, ನನ್ನನ್ನು ಹಾಜರಿ ಬರೆಯುವ ಮೇಜಿಗೆ ಕಳಿಸುವುದು ಅವರ ಯೋಜನೆ. ಹದಿನೇಳು ವರ್ಷ ಬೆಳೆಸಿದ ಮಗುವನ್ನು ಬೇರೆಯವರ ಕೈಗಿಟ್ಟು, ಅದು ಎಷ್ಟು ಗಂಟೆಗೆ ಎದ್ದಿತು ಎಂದು ನಾನು ಬರೆದಿಡಬೇಕಂತೆ.

ಮೂರು ತಿಂಗಳ ಸಮಯ ಕೇಳಿ ಹೊರಬಂದೆ.

ಮನೆಯಲ್ಲಿ ಸುದ್ದಿ ಹೇಳಿದಾಗ ನಮ್ಮ ಯಜಮಾನರು ತಮ್ಮ ಸೀರೆಯ ಅಂಗಡಿಯ ಶಾಂತಿಯನ್ನೇ ಮನೆಗೂ ತಂದವರ ಹಾಗೆ, ಮಾಡು ಎಂದರು. ನಮ್ಮ ಅತ್ತೆಯವರು ಮಾತ್ರ ಕಣಕ್ಕಿಳಿದರು. ಅವರು ದಾನೋಳಿಯ ಒಕ್ಕಲುತನದ ಮನೆಯವರು, ಇಂಗ್ಲಿಷ್ ಅಕ್ಷರ ಬಾರದು. ಆದರೂ ದಿನಾ ಬೆಳಿಗ್ಗೆ ಶೇಂಗಾ ಬಿಡಿಸುತ್ತ, ನನ್ನ ದಪ್ಪ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಾನು ಗಡಗಡನೆ ಹೇಳಿದರೆ ಸರಿ. ಎಲ್ಲಿಯಾದರೂ ಒಂದು ಕ್ಷಣ ತಡವರಿಸಿದರೆ ತಲೆ ಎತ್ತಿ, "ತಪ್ಪ ಐತಿ. ಮತ್ತ ಹೇಳ" ಎನ್ನುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಅವರದೇ ಸರಿಯಾಗಿರುತ್ತಿತ್ತು.

ಓದಿನ ಜೊತೆಗೆ ಕೈಯಿಂದ ಮಾಡಿ ಕಲಿಯಬೇಕು ಎಂದು ಪುಸ್ತಕದಲ್ಲಿತ್ತು. ಗಿರಣಿಯವರ ಒಪ್ಪಿಗೆ ಪಡೆದು, ಮೂಲೆಗೆ ಬಿದ್ದಿದ್ದ ಹಳೆಯ ರೂಟರ್ ಒಂದನ್ನು ಮನೆಗೆ ತಂದೆ. ಊಟದ ಮೇಜು ನನ್ನ ಪ್ರಯೋಗಶಾಲೆಯಾಯಿತು, ಊಟ ನೆಲಕ್ಕೆ ಬಂತು. ಪ್ರತಿಯೊಂದು ಯಂತ್ರಕ್ಕೂ ಸ್ಪಷ್ಟವಾದ ಹೆಸರಿಡಿ, ತೊಂದರೆಯಾದಾಗ ಹುಡುಕಲು ಸುಲಭ ಎಂದು ಪುಸ್ತಕ ಹೇಳಿತು. ನಾನು ವಿಧೇಯ ವಿದ್ಯಾರ್ಥಿನಿ. ನನ್ನ ರೂಟರಿಗೆ 'ಸುನಂದಾ ಹೆಡ್ ಆಫೀಸ್' ಎಂದು ಹೆಸರಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಅದಕ್ಕೆ ಇಂಟರ್ನೆಟ್ ಕೊಡೋಣವೆಂದು, ಹೊರಗಿನಿಂದ ಮನೆಗೆ ಬರುವ ವೈರನ್ನು ಅದಕ್ಕೆ ಚುಚ್ಚಿದೆ. ಹಿಂಭಾಗದಲ್ಲಿ ಐದು ತೂತುಗಳಿದ್ದವು. ನಾಲ್ಕು ಒಂದು ಬಗೆ, ಒಂದು ಬೇರೆ. ಆ ಬೇರೆಯದಕ್ಕೆ ಚುಚ್ಚಬೇಕಿತ್ತು. ನಾನು ಉಳಿದ ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡೆ. ದೀಪಗಳು ಹಸಿರಾಗಿ ಮಿನುಗಿದವು. ಬಹಳ ಸಂತೋಷವಾಯಿತು. ಐದು ನಿಮಿಷಕ್ಕೆ ಮನೆಯ ಇಂಟರ್ನೆಟ್ ಹೋಯಿತು.

ಹೊರಗೆ ಬಂದು ನೋಡಿದರೆ ಇಡೀ ಓಣಿಯದೇ ಹೋಗಿತ್ತು. ಎದುರುಮನೆಯ ಮಾಲತಿ ಕಾಕು, ಓಣಿಗೆಲ್ಲ ಚಿಕ್ಕಮ್ಮನಂಥ ನಿವೃತ್ತ ಮರಾಠಿ ಟೀಚರ್, ಕಟ್ಟೆಯ ಮೇಲೆ ನಿಂತು ಗಾಬರಿಯಾಗಿದ್ದರು. ಅವರ ಮಗಳು ರೇಣುಕಾಳಿಗೆ ನಾಲ್ಕು ಗಂಟೆಗೆ ಕಂಪ್ಯೂಟರಿನಲ್ಲೇ ನೌಕರಿಯ ಸಂದರ್ಶನ. ಆಗಲೇ ಮೂರೂಕಾಲು. ಫೋನಿನ ಸಿಗ್ನಲ್ಲೋ ನಮ್ಮ ಓಣಿಗೆ ಬರುವುದೇ ಅಪರೂಪ. ಆ ಹುಡುಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

ಇಂಥ ಹೊತ್ತಿನಲ್ಲಿ ತಿಳಿದವರು ಸುಮ್ಮನಿರಬಾರದು. ನಾನು ಸೆರಗು ಸಿಕ್ಕಿಸಿಕೊಂಡು ಮುಂದಾದೆ. ಓಣಿಯ ಏಳೆಂಟು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೂಲೆಯಲ್ಲಿದ್ದ ಇಂಟರ್ನೆಟ್ ಆಫೀಸಿಗೆ ನಡೆದೆ. ನಮಗೆಲ್ಲ ಸಂಪರ್ಕ ಕೊಟ್ಟವನು ಪ್ರಕಾಶ, ನಾಂದಣಿ ಕಡೆಯವನು, ಬಹಳ ಮರ್ಯಾದಸ್ಥ. ಅವನಿಗೆ ಬಾಯಿ ಬಿಡಲೂ ಅವಕಾಶ ಕೊಡದೆ, ಉಪಕರಣಗಳ ನಿರ್ವಹಣೆ, ಗ್ರಾಹಕರ ಹಕ್ಕು, ತಿಳಿವಳಿಕೆಯಿಲ್ಲದವರು ಈ ಧಂದೆಗೆ ಇಳಿಯುವುದರ ಅಪಾಯ, ಇವನ್ನೆಲ್ಲ ಒಂದೊಂದಾಗಿ ವಿವರಿಸಿದೆ. ಹಿಂದಿನಿಂದ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ನಾನು ಉಸಿರು ತೆಗೆದುಕೊಂಡಾಗ ಪ್ರಕಾಶ ತನ್ನ ಪರದೆಯಿಂದ ಕಣ್ಣೆತ್ತದೆ ಹೇಳಿದ. "ವೈನಿ, ನಮ್ಮ ಮಶೀನ್ ಬರೋಬರಿ ಐತ್ರಿ. ಮನಿ ಮನಿಗೆ ಇಂಟರ್ನೆಟ್ ವಿಳಾಸ ಕೊಡೋದು ಅದರ ಕೆಲಸ. ಆದ್ರ ಓಣ್ಯಾಗ ಯಾರೋ ಇನ್ನೊಂದ ರೂಟರ್ ಹಚ್ಚ್ಯಾರ. ಅದು ಎಲ್ಲಾರಿಗೂ ಸುಳ್ಳ ವಿಳಾಸ ಹಂಚಾಕತ್ತೈತಿ. ಹಿಂಗಾಗಿ ಯಾರದೂ ನಡೀವಲ್ದು."

ಈ ಪಾಠ ಪುಸ್ತಕದ ಏಳನೆಯ ಅಧ್ಯಾಯದಲ್ಲಿತ್ತು. ಅತ್ತೆಯವರ ಮುಂದೆ ತಡವರಿಸದೆ ಒಪ್ಪಿಸಿದ್ದೆ. ಆದ್ದರಿಂದ ಪೂರ್ಣ ಅಧಿಕಾರದಿಂದ ಹೇಳಿದೆ: "ಅಂಥಾ ಬೇಜವಾಬ್ದಾರಿ ಮಂದೀನ್ನ ಬಿಡಬ್ಯಾಡ. ಹೆಸರ ಹುಡಕು. ಎಲ್ಲಾರ ಮುಂದ ಓದು."

ಪ್ರಕಾಶ ಹುಡುಕಿದ. ಸಿಕ್ಕಿತು. ಓದಲಿಲ್ಲ. ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ.

ಓದಿದವರು ಮಾಲತಿ ಕಾಕು. ಮೂವತ್ತು ವರ್ಷ ತರಗತಿಯಲ್ಲಿ ಹೆಸರು ಕೂಗಿದ ದನಿಯಲ್ಲಿ, ಬಿಡಿಸಿ ಬಿಡಿಸಿ ಓದಿದರು. "ಸುನಂದಾ. ಹೆಡ್. ಆಫೀಸ್." ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿ, "ಸುನಂದಾ, ತೂ ಗಂ?" ಎಂದರು.

ನಾನೇ. ನಲವತ್ತಮೂರನೆಯ ವಯಸ್ಸಿನಲ್ಲಿ ಓಣಿಯುದ್ದಕ್ಕೂ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. ವೈರು ಕಿತ್ತೆ. ಪ್ರಕಾಶ ತನ್ನ ಕಡೆಯಿಂದ ಎಲ್ಲವನ್ನೂ ಮತ್ತೆ ಶುರು ಮಾಡಿದ. ನಾಲ್ಕಕ್ಕೆ ಆರು ನಿಮಿಷವಿದ್ದಾಗ ರೇಣುಕಾಳ ಪರದೆಯ ಮೇಲೆ ಮೂವರು ಗಂಭೀರ ಮುಖದವರು ಕಾಣಿಸಿದರು. ಸಂದರ್ಶನ ಮುಗಿಯುವವರೆಗೂ ನಾನು ಅವರ ಕಟ್ಟೆಯ ಮೇಲೆ ಕೈ ಮಡಚಿ ಕೂತಿದ್ದೆ. ಯಾವ ವಸ್ತುವನ್ನೂ ಮುಟ್ಟಲಿಲ್ಲ. ಎಂಟು ದಿನದ ಮೇಲೆ ಅವಳಿಗೆ ನೌಕರಿ ಸಿಕ್ಕಿತು. ಕಾಕು ನಮ್ಮ ಮನೆಗೆ ಪೇಢೆ ತಂದುಕೊಟ್ಟರು. ಹೆಡ್ ಆಫೀಸಿಗೆ ಎಂದು ಅತ್ತೆಯವರ ಕೈಗಿಟ್ಟರು.

ಇಷ್ಟಾದ ಮೇಲೆ ಯಜಮಾನರು ಅಂಜುತ್ತ, "ಬಿಟ್ಟಬಿಡ್ತಿ ಏನು?" ಎಂದು ಕೇಳಿದರು.

"ಯಾಕ ಬಿಡ್ಲಿ?" ಎಂದೆ. "ಓಣಿ ಬಂದ್ ಮಾಡಾಕ ಬರ್ತೈತಿ ಅಂದ್ರ ಪರೀಕ್ಷೆ ಬರ್ಯಾಕ ಬರೂದಿಲ್ಲೇನು?"

ಪರೀಕ್ಷೆ ಕೊಲ್ಹಾಪುರದಲ್ಲಿ, ಮೂರನೆಯ ಮಹಡಿಯಲ್ಲಿ. ಬಾಗಿಲಲ್ಲಿ ಗಡಿಯಾರ, ಪರ್ಸು, ಫೋನು, ಕರವಸ್ತ್ರ ಎಲ್ಲವನ್ನೂ ಬಿಡಿಸಿಕೊಂಡು, ಬರಿಗೈಯಲ್ಲಿ ಒಳಗೆ ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಮೊದಲ ಪ್ರಶ್ನೆ ನೋಡಿದೆ. ಗೊತ್ತಿತ್ತು. ಗಿರಣಿಯಲ್ಲಿ ಯಾವುದನ್ನೂ ಮೂರು ಸಲ ಪರೀಕ್ಷಿಸದೆ ನಾನು ಮುಟ್ಟುವವಳಲ್ಲ. ಇಲ್ಲಿಯೂ ಹಾಗೇ ಮಾಡಿದೆ. ಎರಡನೆಯದೂ ಗೊತ್ತಿತ್ತು. ಮೂರು ಸಲ ನೋಡಿದೆ. ಹೀಗೆ ಗೊತ್ತಿದ್ದದ್ದನ್ನೆಲ್ಲ ಬಲು ಗೌರವದಿಂದ ಬರೆಯುತ್ತ ಹೋದೆ. ಹದಿನಾಲ್ಕು ಪ್ರಶ್ನೆ ಬಾಕಿ ಇರುವಾಗ ಸಮಯ ಮುಗಿದು ಪರದೆ ತಾನಾಗಿಯೇ ಮುಚ್ಚಿಕೊಂಡಿತು. ಮರುಕ್ಷಣ ಫಲಿತಾಂಶ ಬಂತು. ನಾಪಾಸು. ಅದನ್ನೂ ಮೂರು ಸಲ ಓದಿದೆ.

ಕೆಳಗೆ ಯಜಮಾನರು ಕಾಯುತ್ತಿದ್ದರು. ನನ್ನ ಮುಖ ನೋಡಿ ಮೊಳಕೆಕಾಳಿನ ಮಿಸಳ-ಪಾವು ತಿನ್ನಲು ಕರೆದೊಯ್ದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತು ಎಂದು ಅವರೂ ಒಪ್ಪಿಕೊಂಡರು. ಎರಡನೆಯ ಪಾವು ಬರುವುದರೊಳಗೆ ಫೋನಿನಲ್ಲಿ ಮುಂದಿನ ತಿಂಗಳ ಪರೀಕ್ಷೆಗೆ ಹೆಸರು ಹಚ್ಚಿದೆ.

ಸೋಮವಾರ ಮ್ಯಾನೇಜರ್ ಸಾಹೇಬರ ಮುಂದೆ ನಿಂತು, ನಾಪಾಸಾಗಿದ್ದೇನೆ, ಮತ್ತೆ ಬರೆಯುತ್ತೇನೆ, ಪಾಸಾಗುವವರೆಗೂ ಬರೆಯುತ್ತೇನೆ ಎಂದು ಮರಾಠಿಯಲ್ಲಿ ತಿಳಿಸಿದೆ. ಅಲ್ಲಿಯವರೆಗೆ ಸರ್ವರ್ ಕೋಣೆಯ ಕೀಲಿಕೈ ಯಾರಿಗೂ ಕೊಡುವುದಿಲ್ಲ ಎಂದು ಹೇಳಿ, ಪರ್ಸಿನಿಂದ ಗೊಂಚಲು ತೆಗೆದು ಅವರ ಮುಂದೆ ಝಳಪಿಸಿದೆ.

ಸಾಹೇಬರು ಡ್ರಾವರಿನಿಂದ ಒಂದು ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಶನಿವಾರ ಸಂಜೆಯಿಂದ ಅದು ಸರ್ವರ್ ಕೋಣೆಯ ಬಾಗಿಲಲ್ಲೇ ನೇತಾಡುತ್ತಿತ್ತಂತೆ, ವಾಚ್‌ಮನ್ ತಂದುಕೊಟ್ಟನಂತೆ. ನನ್ನ ಕೈಯಲ್ಲಿದ್ದದ್ದು ಅತ್ತೆಯವರ ಕಪಾಟಿನ ಗೊಂಚಲು. ಸಾಹೇಬರ ತುಟಿಯಂಚಿನಲ್ಲಿ ಏನೋ ಅಲುಗಿತು. ಕೀಲಿಕೈಯನ್ನು ನನ್ನ ಕಡೆಗೆ ಸರಿಸಿ, ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿದರು.

ಎರಡನ್ನೂ ಕೈಯಲ್ಲಿ ಹಿಡಿದು, ಎತ್ತಿದ ತಲೆಯನ್ನು ಒಂದಿಷ್ಟೂ ಇಳಿಸದೆ ಹೊರಬಂದೆ. ಕಾರಿಡಾರಿನಲ್ಲಿ ನಿಂತವರೆಲ್ಲ ನೋಡುತ್ತಿರುವಂತೆ ನೇರ ಸರ್ವರ್ ಕೋಣೆಗೆ ಹೋಗಿ, ಕೀಲಿ ತೆಗೆಯಲು ಹೋದೆ. ತಿರುಗಲಿಲ್ಲ. ಜೋರು ಹಾಕಿದೆ. ಆಗಲೂ ತಿರುಗಲಿಲ್ಲ.

ಅತ್ತೆಯವರ ಕಪಾಟಿನ ಕೀಲಿಕೈಯನ್ನೇ ತುರುಕಿದ್ದೆ.